ಬಹುಮಹಡಿ ಕಚೇರಿಯ ಸೊಪ್ಪಿನ ಬೆಟ್ಟ



ಅಡಿಕೆ ಕೃಷಿಯನ್ನು ಬಲ್ಲ ಯಾರೂ ಬೇಲಿಯ ಒಳಗಿರುವ ನೆಲವಷ್ಟೇ ತೋಟವೆಂದು ಭಾವಿಸುವುದಿಲ್ಲ. ಮರಗಳ ಬುಡಕ್ಕೆ ಬೀಳುವ ಸೊಪ್ಪು, ಕೊಟ್ಟಿಗೆಗೆ ಹಾಸುವ ದರಕು, ಅಡಿಕೆ ಬೇಯಿಸುವ ಒಲೆಯ ಸೌದೆ ಎಲ್ಲವೂ ಬೆಟ್ಟದಿಂದ ಇಳಿದು ಬರಬೇಕು. ಉತ್ತರ ಕನ್ನಡದ ಘಟ್ಟದ ಮೇಲಿನ ಸೀಮೆಯಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟವನ್ನು ಬಿಟ್ಟುಕೊಡುವ ಪದ್ಧತಿಯು ಬ್ರಿಟಿಷರ ಆಡಳಿತದಲ್ಲಿಯೇ ನಿಯಮವಾಗಿ ದಾಖಲಾಯಿತು. ಬೆಟ್ಟ ಬೋಳಾದರೆ ಕೆಲವೇ ವರ್ಷಗಳಲ್ಲಿ ತೋಟ ಸೊರಗುತ್ತದೆ. ತೋಟದ ಆರೋಗ್ಯವನ್ನು ಅರಿಯಬೇಕಾದವನು ಮೊದಲು ಅದರ ಬೆಟ್ಟವನ್ನು ನೋಡಬೇಕು.

ಇದೇ ಅಳತೆಗೋಲನ್ನು ನಗರದ ಒಂದು ಕಟ್ಟಡಕ್ಕೆ ಹಿಡಿದು ನೋಡುವುದು ಈ ಉಪನ್ಯಾಸದ ಉದ್ದೇಶ. ಬೆಂಗಳೂರಿನಲ್ಲಿ ಏಳುವ ದೊಡ್ಡ ಕಚೇರಿಗಳಲ್ಲಿ ಅನೇಕವು ತಮ್ಮನ್ನು ‘ಹಸಿರು ಕಟ್ಟಡ’ ಎಂದು ಕರೆದುಕೊಳ್ಳುತ್ತವೆ. ಬಾಗಿಲಲ್ಲಿ ಫಲಕವಿರುತ್ತದೆ, ಫಲಕದಲ್ಲಿ ನಕ್ಷತ್ರಗಳೋ, ಚಿನ್ನ, ಪ್ಲಾಟಿನಂ ಎಂಬ ದರ್ಜೆಗಳೋ ಇರುತ್ತವೆ. ಮಲೆನಾಡಿನ ಹಳ್ಳಿಯವರಿಗೆ ಇದರಿಂದ ಆಗಬೇಕಾದದ್ದೇನು ಎಂಬ ಪ್ರಶ್ನೆ ಸಹಜವೇ. ಆದರೆ ಆ ಕಟ್ಟಡಗಳ ಸೊಪ್ಪಿನ ಬೆಟ್ಟದ ಒಂದು ಪಾಲು ಮಲೆನಾಡಿನಲ್ಲಿದೆ. ಅವುಗಳ ಮಹಡಿಗಳಲ್ಲಿ ದುಡಿಯುವವರಲ್ಲಿ ಮಲೆನಾಡಿನ ಮಕ್ಕಳೂ ಇದ್ದಾರೆ. ಶರಾವತಿಯ ನೀರನ್ನು ಬೆಂಗಳೂರಿಗೆ ಒಯ್ಯಬಾರದೆಂದು ತಂದೆ ಮೆರವಣಿಗೆಯಲ್ಲಿ ನಡೆದ ಮನೆಯಲ್ಲಿಯೇ, ಬೆಂಗಳೂರಿನ ಹನ್ನೆರಡನೆಯ ಮಹಡಿಯಲ್ಲಿ ಕುಳಿತ ಮಗಳು ಕಳುಹಿಸಿದ ಹಣದಿಂದ ಮಾಡಿನ ಹಂಚು ಬದಲಾಗುತ್ತದೆ. ಆದ್ದರಿಂದ ಇದು ನಗರವನ್ನು ಬೈದು ಮುಗಿಸಬಹುದಾದ ವಿಷಯವಲ್ಲ. ಲೆಕ್ಕ ಹಾಕಿ ನೋಡಬೇಕಾದ ವಿಷಯ.

ಹಳೆಯ ಬಡಾವಣೆಗಳ ಪಾಠ

ಹಳೆಯ ಬೆಂಗಳೂರಿನ ಹೃದಯಭಾಗವೆಂದರೆ ಪೇಟೆ ಮತ್ತು ಅದರ ಸುತ್ತಣ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳು. ಚಾಮರಾಜಪೇಟೆಯು ೧೮೯೨ರಲ್ಲಿ ರೂಪುಗೊಂಡ ಬಡಾವಣೆ. ೧೮೯೮ರಲ್ಲಿ ಪೇಟೆಯ ಇಕ್ಕಟ್ಟಾದ ಓಣಿಗಳಿಗೆ ಪ್ಲೇಗ್ ನುಗ್ಗಿದ ತರುವಾಯ ಬಸವನಗುಡಿ ಮತ್ತು ಮಲ್ಲೇಶ್ವರಗಳು ಬೆಳೆದವು. ಸಾಂಕ್ರಾಮಿಕ ರೋಗದ ಭೀತಿಯಲ್ಲಿ ಹುಟ್ಟಿದ ಈ ಬಡಾವಣೆಗಳಲ್ಲಿ ಗಾಳಿ ಬೆಳಕುಗಳಿಗೆ ಮೊದಲ ಸ್ಥಾನವಿತ್ತು. ಅಗಲವಾದ ಬೀದಿ, ಬೀದಿಯುದ್ದಕ್ಕೂ ಮರ, ಮನೆಯ ಸುತ್ತ ತೆರವು, ಹಿತ್ತಿಲಲ್ಲೊಂದು ಬಾವಿ. ದಪ್ಪ ಗೋಡೆ, ಎತ್ತರದ ಮಾಡು, ಮುಂದೊಂದು ಜಗಲಿ, ಕಿಟಕಿಯ ಮೇಲೆ ಮಳೆ ಬಿಸಿಲುಗಳನ್ನು ತಡೆಯುವ ಮರದ ಚಾಚು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ೧೮೬೫ರಲ್ಲಿ ಆರಂಭಿಸಿದ ಹಂಚಿನ ಉದ್ಯಮದ ಫಲವು ಈ ಮನೆಗಳ ತಲೆಯ ಮೇಲೂ ಬಂದು ಕುಳಿತಿತು.

ಕಚೇರಿಗಳಿಗೂ ಇದೇ ವಿವೇಕ ಅನ್ವಯವಾಗುತ್ತಿತ್ತು. ಕಬ್ಬನ್ ಉದ್ಯಾನದ ಅಂಚಿನಲ್ಲಿ ೧೮೬೮ರಲ್ಲಿ ಪೂರ್ಣಗೊಂಡ ಅಠಾರಾ ಕಚೇರಿಯು ಹದಿನೆಂಟು ಇಲಾಖೆಗಳಿಗಾಗಿ ಕಟ್ಟಿದ ಕಟ್ಟಡ. ವಿದ್ಯುತ್ತಿನ ಪಂಖವೂ ಇರದಿದ್ದ ಆ ಕಾಲದಲ್ಲಿ ನೂರಾರು ಗುಮಾಸ್ತರು ಅಲ್ಲಿ ಕುಳಿತು ಬರೆಯಬೇಕಾಗಿತ್ತು. ಉದ್ದನೆಯ ಮೊಗಸಾಲೆ, ಎತ್ತರದ ಛಾವಣಿ, ಎದುರುಬದುರು ಕಿಟಕಿಗಳೇ ಅವರಿಗೆ ಹವಾನಿಯಂತ್ರಣ. ೧೯೮೦ರ ದಶಕದಲ್ಲಿ ಇದನ್ನು ಕೆಡಹುವ ಪ್ರಸ್ತಾಪವೆದ್ದಾಗ ನಾಗರಿಕರು ವಿರೋಧಿಸಿ ಉಳಿಸಿಕೊಂಡರು. ಇಂದಿಗೂ ಅಲ್ಲಿ ಉಚ್ಚ ನ್ಯಾಯಾಲಯ ನಡೆಯುತ್ತಿದೆ. ಒಂದೂವರೆ ಶತಮಾನ ಬಳಕೆಯಲ್ಲಿರುವ ಕಟ್ಟಡಕ್ಕಿಂತ ಮಿತವ್ಯಯದ ಕಟ್ಟಡ ಬೇರೊಂದಿರಲಾರದು.

ಈಗ ದೃಶ್ಯ ಬದಲಾಗಿದೆ. ಮಲ್ಲೇಶ್ವರ ಮತ್ತು ರಾಜಾಜಿನಗರಗಳ ಗಡಿಯಲ್ಲಿ, ಹಿಂದೆ ಕಿರ್ಲೋಸ್ಕರ್ ಕಾರ್ಖಾನೆಯಿದ್ದ ನೆಲದಲ್ಲಿ, ೧೨೮ ಮೀಟರ್ ಎತ್ತರದ ವಿಶ್ವ ವಾಣಿಜ್ಯ ಕೇಂದ್ರವು ೨೦೧೦ರಿಂದ ನಿಂತಿದೆ. ಹಂಚಿನ ಮನೆಗಳಿದ್ದ ಬೀದಿಗಳಲ್ಲಿಯೂ ಒಂದೊಂದೇ ಮನೆ ನೆಲಕ್ಕುರುಳಿ, ಅದರ ಜಾಗದಲ್ಲಿ ಮಹಡಿಗಳು ಏಳುತ್ತಿವೆ. ಹಾಗಾದರೆ ಇಂಥ ನಡುಪೇಟೆಯಲ್ಲಿ ಪರಿಸರಕ್ಕೆ ಹೊರೆಯಾಗದ ಎತ್ತರದ ಕಚೇರಿಯನ್ನು ಕಟ್ಟುವುದು ಸಾಧ್ಯವೇ?

ಸೂರಿನ ಲೆಕ್ಕ

ಉದಾಹರಣೆಗೆ ಕಾಲು ಎಕರೆ, ಅಂದರೆ ಸುಮಾರು ೧,೦೦೦ ಚದರ ಮೀಟರ್ ಸೂರುಳ್ಳ ಇಪ್ಪತ್ತು ಮಹಡಿಯ ಕಚೇರಿಯೊಂದನ್ನು ಕಲ್ಪಿಸಿಕೊಳ್ಳಬಹುದು. ಒಬ್ಬರಿಗೆ ೧೦ ಚದರ ಮೀಟರಿನಂತೆ ಮಹಡಿಗೆ ನೂರು ಜನ, ಒಟ್ಟು ೨,೦೦೦ ಜನ.

ಮೊದಲು ನೀರು. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು ೯೭೦ ಮಿಲಿಮೀಟರ್ ಮಳೆ. ಆ ಸೂರಿನ ಮೇಲೆ ಬಿದ್ದ ಮಳೆಯಲ್ಲಿ ನೂರಕ್ಕೆ ಎಂಬತ್ತು ಪಾಲನ್ನು ಹಿಡಿದಿಟ್ಟರೂ ದೊರೆಯುವುದು ವರ್ಷಕ್ಕೆ ಸುಮಾರು ೭.೭ ಲಕ್ಷ ಲೀಟರ್. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಕಚೇರಿಯಲ್ಲಿ ಒಬ್ಬರಿಗೆ ದಿನಕ್ಕೆ ೪೫ ಲೀಟರ್ ನೀರು ಬೇಕು. ಎರಡು ಸಾವಿರ ಜನರಿಗೆ ದಿನವೊಂದಕ್ಕೆ ೯೦ ಸಾವಿರ ಲೀಟರ್. ಅಂದರೆ ಇಡೀ ವರ್ಷದ ಮಳೆ ಒಂಬತ್ತು ದಿನಗಳಿಗೂ ಸಾಲದು! ಅದೇ ಸೂರಿನ ಕೆಳಗೆ ಎರಡೇ ಮಹಡಿಗಳಿದ್ದಿದ್ದರೆ ಅದೇ ನೀರು ೮೬ ದಿನ ಬರುತ್ತಿತ್ತು.

ಇನ್ನು ವಿದ್ಯುತ್ತು. ಲಿಫ್ಟಿನ ಕೋಣೆ, ನೀರಿನ ತೊಟ್ಟಿ ಮೊದಲಾದವನ್ನು ಬಿಟ್ಟು ಉಳಿದ ಜಾಗದಲ್ಲಿ ಸುಮಾರು ೧೦೦ ಕಿಲೋವಾಟ್ ಸೌರಫಲಕಗಳನ್ನು ಹೊಂದಿಸಬಹುದು. ಕಿಲೋವಾಟಿಗೆ ವರ್ಷಕ್ಕೆ ೧,೫೦೦ ಯೂನಿಟ್ ಎಂದು ಹಿಡಿದರೆ ಒಂದೂವರೆ ಲಕ್ಷ ಯೂನಿಟ್. ಎಚ್ಚರಿಕೆಯಿಂದ ಕಟ್ಟಿದ ಕಚೇರಿಯೂ ಚದರ ಮೀಟರಿಗೆ ವರ್ಷಕ್ಕೆ ೧೦೦ ಯೂನಿಟ್ ಬಳಸುತ್ತದೆಂದುಕೊಂಡರೆ, ಇಪ್ಪತ್ತು ಮಹಡಿಗಳ ೨೦,೦೦೦ ಚದರ ಮೀಟರಿಗೆ ಬೇಕಾದದ್ದು ೨೦ ಲಕ್ಷ ಯೂನಿಟ್. ಸೂರು ಕೊಡುವುದು ಅದರಲ್ಲಿ ಹದಿಮೂರನೆಯ ಒಂದು ಪಾಲು ಮಾತ್ರ. ಉಳಿದದ್ದನ್ನು ಬಿಸಿಲಿನಿಂದಲೇ ಪಡೆಯಬೇಕೆಂದರೆ ಬೇರೆಲ್ಲೋ ನೆಲ ಬೇಕು. ತುಮಕೂರು ಜಿಲ್ಲೆಯ ಪಾವಗಡದಲ್ಲಿ ೨,೦೫೦ ಮೆಗಾವಾಟಿನ ಸೌರ ಉದ್ಯಾನವು ಸುಮಾರು ೧೩,೦೦೦ ಎಕರೆಯಲ್ಲಿ ಹರಡಿದೆ. ಆ ಪ್ರಮಾಣದಲ್ಲಿ ಈ ಒಂದು ಕಟ್ಟಡಕ್ಕೆ ಏಳರಿಂದ ಎಂಟು ಎಕರೆ ಬೇಕಾಗುತ್ತದೆ.

ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆ ಬೆಟ್ಟ. ಕಾಲು ಎಕರೆಯ ಈ ಕಟ್ಟಡಕ್ಕೆ ವಿದ್ಯುತ್ತಿಗಾಗಿಯೇ ತನ್ನ ಮೂವತ್ತರಷ್ಟು ನೆಲ. ಮಳೆನೀರಿನ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಕಟ್ಟಡ ಎತ್ತರವಾದಂತೆ ಅದರ ಪಾಲಿನ ಆಕಾಶ ಹಿಗ್ಗುವುದಿಲ್ಲ; ಆಕಾಶವನ್ನು ಹಂಚಿಕೊಳ್ಳುವವರ ಸಂಖ್ಯೆ ಮಾತ್ರ ಹಿಗ್ಗುತ್ತದೆ. ಇದು ಯಾರ ತಪ್ಪೂ ಅಲ್ಲ, ಕೇವಲ ಗಣಿತ. ತಪ್ಪಾಗುವುದು ಈ ಗಣಿತವನ್ನು ಫಲಕದ ಹಿಂದೆ ಮರೆಮಾಡಿದಾಗ.

ನೀರು ನಡೆದ ದಾರಿ

ಹಿತ್ತಿಲ ಬಾವಿ ಮತ್ತು ಊರ ಕೆರೆಗಳಿಂದ ಬದುಕುತ್ತಿದ್ದ ನಗರವು ನೀರಿಗಾಗಿ ಎಷ್ಟು ದೂರ ಕೈಚಾಚಿದೆಯೆಂಬುದನ್ನು ಇತಿಹಾಸವೇ ಹೇಳುತ್ತದೆ. ಧರ್ಮಾಂಬುಧಿ ಕೆರೆಯಿದ್ದಲ್ಲಿ ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಕೆಂಪಾಂಬುಧಿಯೂ, ೧೮೮೨ರಲ್ಲಿ ಕಟ್ಟಿದ ಮಲ್ಲೇಶ್ವರದ ಸ್ಯಾಂಕಿ ಕೆರೆಯೂ ಉಳಿದಿವೆಯಾದರೂ ಅವು ಈಗ ಊರಿಗೆ ನೀರುಣಿಸುವ ಕೆರೆಗಳಲ್ಲ. ೧೮೯೦ರ ದಶಕದಲ್ಲಿ ಸುಮಾರು ೨೦ ಕಿಲೋಮೀಟರ್ ದೂರದ ಹೆಸರಘಟ್ಟ, ೧೯೩೦ರ ದಶಕದಲ್ಲಿ ಸುಮಾರು ೩೦ ಕಿಲೋಮೀಟರ್ ದೂರದ ತಿಪ್ಪಗೊಂಡನಹಳ್ಳಿ, ೧೯೭೪ರಿಂದ ಸುಮಾರು ೧೦೦ ಕಿಲೋಮೀಟರ್ ದೂರದ ಕಾವೇರಿ. ಕಾವೇರಿ ಐದನೆಯ ಹಂತವು ೨೦೨೪ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷದ ಬೇಸಿಗೆಯಲ್ಲಿ ನಗರದ ಸುಮಾರು ೧೪ ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿದ್ದುದಾಗಿ ಸರ್ಕಾರವೇ ತಿಳಿಸಿತ್ತು.

ತೊರೆಕಾಡನಹಳ್ಳಿಯಿಂದ ಹೊರಟ ಕಾವೇರಿಯ ನೀರನ್ನು ಮೂರು ಹಂತಗಳಲ್ಲಿ ಪಂಪುಗಳಿಂದ ಸುಮಾರು ೫೦೦ ಮೀಟರ್ ಮೇಲಕ್ಕೆತ್ತಲಾಗುತ್ತದೆ. ಸಾವಿರ ಲೀಟರ್ ನೀರನ್ನು ಅಷ್ಟು ಎತ್ತರಕ್ಕೆ ಒಯ್ಯಲು ಯಾವ ನಷ್ಟವೂ ಇಲ್ಲದಿದ್ದರೆ ೧.೩೬ ಯೂನಿಟ್ ವಿದ್ಯುತ್ತು ಬೇಕೆಂದು ಭೌತಶಾಸ್ತ್ರ ಹೇಳುತ್ತದೆ. ಪಂಪು ಮತ್ತು ಕೊಳವೆಗಳ ನಷ್ಟ ಸೇರಿದರೆ ಅದು ಎರಡು ಯೂನಿಟ್‌ಗಳ ಸಮೀಪಕ್ಕೆ ಬರುತ್ತದೆ. ನಲ್ಲಿಯಲ್ಲಿ ಬರುವ ನೀರೆಂದರೆ ಅರ್ಧ ನದಿ, ಅರ್ಧ ವಿದ್ಯುತ್ತು. ನಗರದಲ್ಲಿ ಉಳಿಸಿದ ಪ್ರತಿ ಲೀಟರೂ ಎರಡು ಕಡೆ ಉಳಿತಾಯವೆಂಬುದನ್ನು ಇಲ್ಲಿ ಗಮನಿಸಬೇಕು.

ನಗರದ ಮುಂದಿನ ದೃಷ್ಟಿ ಬಿದ್ದಿರುವುದು ಪಶ್ಚಿಮಕ್ಕೆ ಹರಿಯುವ ನದಿಗಳ ಮೇಲೆ. ಸುಮಾರು ೪೦೦ ಕಿಲೋಮೀಟರ್ ದೂರದ ಲಿಂಗನಮಕ್ಕಿಯಿಂದ ಬೆಂಗಳೂರಿಗೆ ನೀರು ತರುವ ಪ್ರಸ್ತಾಪ ೨೦೧೯ರಲ್ಲಿ ಎದ್ದಾಗ ಜುಲೈ ೧೦ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿತು. ೧೯೬೪ರಲ್ಲಿ ಪೂರ್ಣಗೊಂಡ ಆ ಜಲಾಶಯದಲ್ಲಿ ಮನೆ ತೋಟಗಳನ್ನು ಕಳೆದುಕೊಂಡ ಅನೇಕ ಕುಟುಂಬಗಳ ಭೂಮಿಯ ಹಕ್ಕಿನ ಪ್ರಶ್ನೆ ಆರು ದಶಕಗಳ ನಂತರವೂ ಮುಗಿದಿಲ್ಲ. ಈಗ ಅದೇ ಕಣಿವೆಯಲ್ಲಿ, ಸಿಂಗಳೀಕಗಳ ಅಭಯಾರಣ್ಯದ ನಡುವೆ, ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳನ್ನು ಜೋಡಿಸುವ ೨,೦೦೦ ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ವಿರುದ್ಧ ಜನ ದನಿಯೆತ್ತಿದ್ದಾರೆ. ವಿದ್ಯುತ್ತು ಮಿಕ್ಕಾಗ ನೀರನ್ನು ಮೇಲಕ್ಕೆತ್ತಿ, ಬೇಡಿಕೆ ಏರಿದಾಗ ಇಳಿಸಿ ಮತ್ತೆ ವಿದ್ಯುತ್ತು ಪಡೆಯುವ ಯೋಜನೆಯದು. ಆ ಬೇಡಿಕೆಯಲ್ಲಿ ನಗರದ ಹವಾನಿಯಂತ್ರಣ ಯಂತ್ರಗಳ ಪಾಲೂ ಇದೆ. ಕಟ್ಟಡದ ಪಶ್ಚಿಮದ ಗೋಡೆಗೆ ಗಾಜು ಹಾಕಬೇಕೋ ಕಲ್ಲು ಹಾಕಬೇಕೋ ಎಂಬುದು ಬೆಂಗಳೂರಿನ ವಾಸ್ತುಶಿಲ್ಪಿಯ ಮೇಜಿನ ಮೇಲೆ ತೀರ್ಮಾನವಾದರೂ ಅದರ ಪರಿಣಾಮ ಶರಾವತಿ ಕಣಿವೆಯವರೆಗೆ ತಲುಪುತ್ತದೆ.

ಗಾಳಿಯನ್ನು ಎಳೆದ ಗೋಡೆ

ಹೊರೆಯನ್ನು ಇಳಿಸುವ ದಾರಿಗಳಿಲ್ಲವೆಂದಲ್ಲ. ಬೆಂಗಳೂರಿನಲ್ಲಿಯೇ ಒಂದು ಒಳ್ಳೆಯ ಮಾದರಿಯಿದೆ. ಹಳೆಯ ಬಡಾವಣೆಗಳಿಂದ ಪೂರ್ವಕ್ಕಿರುವ ದೊಮ್ಮಲೂರಿನಲ್ಲಿ ‘ಟೆರಿ’ ಎಂದು ಹೆಸರಾದ ಇಂಧನ ಮತ್ತು ಸಂಪನ್ಮೂಲ ಸಂಸ್ಥೆಯ ಕಚೇರಿಯನ್ನು ವಾಸ್ತುಶಿಲ್ಪಿ ಸಂಜಯ್ ಮೊಹೆ ವಿನ್ಯಾಸಗೊಳಿಸಿದರು. ನಿವೇಶನದ ದಕ್ಷಿಣಕ್ಕೆ ದುರ್ನಾತದ ಚರಂಡಿ; ಗಾಳಿ ಬೀಸುವುದೂ ಆ ಕಡೆಯಿಂದಲೇ. ಎಲ್ಲವನ್ನೂ ಗಾಜಿನಿಂದ ಮುಚ್ಚಿ ಯಂತ್ರದ ತಂಪನ್ನು ತುಂಬುವುದು ಸುಲಭದ ಮಾರ್ಗವಾಗಿತ್ತು. ಅದರ ಬದಲು ದಕ್ಷಿಣದ ಗೋಡೆಯನ್ನು ಕಿಟಕಿಯಿಲ್ಲದ ಜೋಡಿಗೋಡೆಯಾಗಿ ಮಾಡಿ ಹೊರಮೈಗೆ ಕಪ್ಪು ಕಡಪಾ ಕಲ್ಲನ್ನು ಹೊದಿಸಲಾಯಿತು. ಬಿಸಿಲಿಗೆ ಕಲ್ಲು ಕಾಯುತ್ತದೆ. ಗೋಡೆಗಳ ನಡುವಿನ ಗಾಳಿ ಬಿಸಿಯಾಗಿ ಮೇಲೇರಿ ಹೊರಬೀಳುತ್ತದೆ. ಆ ಸೆಳೆತಕ್ಕೆ ಕೋಣೆಗಳ ಒಳಗಿನ ಸೆಕೆಗಾಳಿ ಹೊರಟು, ಉತ್ತರದ ತೆರೆದ ಕಿಟಕಿಗಳಿಂದ ಹೊಸ ಗಾಳಿ ಒಳಬರುತ್ತದೆ. ಬೆಳಕು ಉತ್ತರದಿಂದಲೂ ಛಾವಣಿಯ ಬೆಳಕಿಂಡಿಗಳಿಂದಲೂ ಇಳಿಯುತ್ತದೆ. ಮಲೆನಾಡಿನ ಅಡುಗೆಮನೆಯ ಹೊಗೆ ಹಂಚಿನ ಸಂದಿಯಲ್ಲಿ ಏರಿ ಹೋಗುವಾಗ ಹಿತ್ತಿಲ ಬಾಗಿಲಿನಿಂದ ತಂಗಾಳಿ ನುಸುಳುವುದನ್ನು ಕಂಡವರಿಗೆ ಈ ತತ್ತ್ವ ಹೊಸದಲ್ಲ.

ಇಪ್ಪತ್ತು ಮಹಡಿಯ ಕಟ್ಟಡಕ್ಕೆ ಇದನ್ನು ಹೀಗೆಯೇ ಅನ್ವಯಿಸಲಾಗದು. ಎತ್ತರದಲ್ಲಿ ಗಾಳಿಯ ರಭಸ ಹೆಚ್ಚು. ಮಹಡಿಯಿಂದ ಮಹಡಿಗೆ ತೆರೆದ ಗೂಡುಗಳಿದ್ದರೆ ಬೆಂಕಿಯೂ ಹೊಗೆಯೂ ಅದೇ ದಾರಿಯಲ್ಲಿ ಏರುತ್ತವೆ. ಅಲ್ಲಿ ಬೇರೆ ಉಪಾಯಗಳಿವೆ. ೨೦೧೧ರಲ್ಲಿ ಹೈದರಾಬಾದಿನ ಇನ್ಫೋಸಿಸ್ ಆವರಣದಲ್ಲಿ ಒಂದೇ ಕಟ್ಟಡದ ಅರ್ಧಕ್ಕೆ ಉತ್ತಮವಾದ ಸಾಮಾನ್ಯ ಹವಾನಿಯಂತ್ರಣವನ್ನೂ, ಉಳಿದರ್ಧಕ್ಕೆ ಕಾಂಕ್ರೀಟಿನೊಳಗೆ ಹುದುಗಿಸಿದ ಕೊಳವೆಗಳಲ್ಲಿ ತಣ್ಣೀರು ಹರಿಸುವ ಪದ್ಧತಿಯನ್ನೂ ಅಳವಡಿಸಿ ಹೋಲಿಸಲಾಯಿತು. ತಣ್ಣೀರಿನ ಭಾಗಕ್ಕೆ ಸುಮಾರು ಮೂರನೆಯ ಒಂದರಷ್ಟು ಕಡಿಮೆ ಶಕ್ತಿ ಸಾಕಾಯಿತು. ಗಾಜಿನ ವಿಷಯದಲ್ಲಿ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯ ೨೦೧೭ರ ಆವೃತ್ತಿಯು ಹೊರಗೋಡೆಯಲ್ಲಿ ಕಿಟಕಿಯ ಪಾಲು ನೂರಕ್ಕೆ ನಲವತ್ತನ್ನು ಮೀರಬಾರದೆಂಬ ಮಿತಿಯನ್ನು ತನ್ನ ಸರಳ ಮಾರ್ಗದಲ್ಲಿ ಇರಿಸಿದೆ. ನೀರಿನಲ್ಲಿಯೂ ಹಾಗೆಯೇ: ೪೫ ಲೀಟರಿನಲ್ಲಿ ೨೦ ಲೀಟರ್ ಶೌಚದ ತೊಟ್ಟಿಗೆ ಹೋಗುತ್ತದೆ. ಬಳಸಿದ ನೀರನ್ನೇ ಶುದ್ಧೀಕರಿಸಿ ಅಲ್ಲಿಗೆ ಕೊಟ್ಟರೆ ಹೊಸ ನೀರಿನ ಬೇಡಿಕೆ ೯೦ ಸಾವಿರದಿಂದ ೫೦ ಸಾವಿರ ಲೀಟರಿಗೆ ಇಳಿಯುತ್ತದೆ.

ಹೀಗೆ ಬೆಟ್ಟದ ಮೇಲಿನ ಹೊರೆಯನ್ನು ಅರ್ಧಕ್ಕಿಳಿಸಬಹುದು, ಇಲ್ಲವಾಗಿಸಲು ಬರುವುದಿಲ್ಲ.

ಎತ್ತರದ ಪರವಾಗಿ

ನ್ಯಾಯವಾಗಿ ನೋಡಿದರೆ ಎತ್ತರದ ಪರವಾಗಿಯೂ ಹೇಳಬೇಕಾದದ್ದಿದೆ. ಅದೇ ಎರಡು ಸಾವಿರ ಜನರನ್ನು ಒಂದೆರಡು ಮಹಡಿಗಳಲ್ಲಿ ಕೂರಿಸಲು ಊರ ಹೊರಗೆ ಹತ್ತು ಪಟ್ಟು ನೆಲ ಬೇಕು. ಆ ನೆಲವೆಂದರೆ ರಾಗಿಯ ಹೊಲ, ಕೆರೆಯ ಅಚ್ಚುಕಟ್ಟು. ಅಲ್ಲಿಗೆ ಪ್ರತಿಯೊಬ್ಬರೂ ತಮ್ಮ ತಮ್ಮ ವಾಹನದಲ್ಲಿ ಹೋಗಬೇಕು. ಹಳೆಯ ಬೆಂಗಳೂರಿನಲ್ಲಾದರೋ ೨೦೧೭ರಿಂದ ಮೆಟ್ರೊದ ಹಸಿರು ಮಾರ್ಗವು ಮಲ್ಲೇಶ್ವರದ ಮಗ್ಗುಲ ಸಂಪಿಗೆ ರಸ್ತೆಯಿಂದ ಮೆಜೆಸ್ಟಿಕ್, ಕೃಷ್ಣರಾಜ ಮಾರುಕಟ್ಟೆಗಳ ಮೂಲಕ ಬಸವನಗುಡಿಯ ನ್ಯಾಷನಲ್ ಕಾಲೇಜಿನವರೆಗೆ ಸಂಪರ್ಕ ಕಲ್ಪಿಸಿದೆ. ನಿಲ್ದಾಣದಿಂದ ನಡೆದು ತಲುಪಬಹುದಾದ ಕಚೇರಿಯು, ಕೆರೆಯ ಅಂಗಳವನ್ನು ನುಂಗಿದ ಹಸಿರು ಫಲಕದ ಕಚೇರಿಗಿಂತ ಮೇಲು. ನಿಲ್ದಾಣದ ಪಕ್ಕದಲ್ಲಿ ನಿಂತ ಕಟ್ಟಡವು ಮತ್ತೆ ನೂರಾರು ಕಾರುಗಳಿಗೆಂದು ನೆಲಮಾಳಿಗೆಯನ್ನು ಅಗೆದರೆ ಆ ಮೇಲ್ಮೆ ಅಲ್ಲಿಗೇ ಮುಗಿಯಿತು.

ಇನ್ನೊಂದು ಎಚ್ಚರವೂ ಅಗತ್ಯ. ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನದೇ. ಗಟ್ಟಿಮುಟ್ಟಾದ ಹಳೆಯ ಕಟ್ಟಡವನ್ನು ಕೆಡವಿ ಹೊಸದನ್ನು ಎಬ್ಬಿಸಿದಾಗ, ಹೊಸ ಕಟ್ಟಡ ಎಷ್ಟೇ ಮಿತವಾಗಿ ವಿದ್ಯುತ್ತು ಬಳಸಿದರೂ ಸಿಮೆಂಟು, ಉಕ್ಕು, ಮರಳುಗಳ ಈ ಸಾಲವನ್ನು ತೀರಿಸಲು ಹಲವು ವರ್ಷಗಳು ಹಿಡಿಯುತ್ತವೆ. ಆದ್ದರಿಂದ ನಡುಪೇಟೆಯಲ್ಲಿ ಕಟ್ಟುವವರಿಗೆ ಮೊದಲ ಪ್ರಶ್ನೆ ‘ಎಷ್ಟು ನಕ್ಷತ್ರ’ ಎಂಬುದಲ್ಲ. ‘ಇರುವುದನ್ನೇ ದುರಸ್ತಿ ಮಾಡಿ ಬಳಸಲು ಬರುತ್ತದೆಯೇ’ ಎಂಬುದು.

ಕೇಳಬೇಕಾದದ್ದು

ಹೊಸ ಕಟ್ಟಡಗಳಿಗೆ ದರ್ಜೆ ನೀಡುವ ಅನೇಕ ಪದ್ಧತಿಗಳಲ್ಲಿ ವಿನ್ಯಾಸಕ್ಕೂ ಬಳಸಿದ ಸಾಮಗ್ರಿಗಳಿಗೂ ಹೆಚ್ಚಿನ ಅಂಕಗಳಿವೆ. ಆದರೆ ಜನ ಬಂದು ಕುಳಿತ ಮೇಲೆ ಮೀಟರು ಹೇಳುವ ಕಥೆ ಬೇರೆಯಿರಬಹುದು. ಇಂಧನ ದಕ್ಷತಾ ಬ್ಯೂರೋ ೨೦೦೯ರಲ್ಲಿ ಕಚೇರಿ ಕಟ್ಟಡಗಳಿಗೆ ಆರಂಭಿಸಿದ ನಕ್ಷತ್ರ ಪದ್ಧತಿಯು ವರ್ಷವಿಡೀ ಬಳಸಿದ ವಿದ್ಯುತ್ತನ್ನೇ ಚದರ ಮೀಟರಿನ ಲೆಕ್ಕದಲ್ಲಿ ಅಳೆಯುತ್ತದೆ. ಸರಿಯಾದ ದಾರಿ ಅದು; ಆದರೆ ಅದು ಸ್ವಯಂಪ್ರೇರಿತ.

ಮಲೆನಾಡಿನ ಸಂಘಟನೆಗಳು ನಗರದ ಮುಂದೆ ಇಡಬೇಕಾದ ಬೇಡಿಕೆಗಳು ಇಲ್ಲಿಂದ ಹುಟ್ಟುತ್ತವೆ. ಒಂದು: ದೊಡ್ಡ ಕಚೇರಿಗಳು ವರ್ಷದಲ್ಲಿ ಬಳಸಿದ ನೀರು, ವಿದ್ಯುತ್ತುಗಳ ಪ್ರಮಾಣವನ್ನು, ಅದರಲ್ಲಿ ತಮ್ಮ ಸೂರಿನಿಂದ ಪಡೆದದ್ದೆಷ್ಟೆಂಬುದನ್ನು, ಬಾಗಿಲ ಫಲಕದಲ್ಲಿಯೇ ಬರೆಯಲಿ. ಎರಡು: ಬೆಂಗಳೂರಿನಲ್ಲಿ ೨೦೦೯ರಲ್ಲಿಯೇ ಕಾನೂನಾಗಿ ಬಂದ ಮಳೆನೀರು ಸಂಗ್ರಹ ಮತ್ತು ಬಳಸಿದ ನೀರಿನ ಮರುಬಳಕೆ ಇವೆರಡೂ ಪೂರ್ಣವಾಗಿ ಜಾರಿಯಾಗುವವರೆಗೆ ಇನ್ನೊಂದು ನದಿಯ ಹೆಸರನ್ನು ಯಾರೂ ಎತ್ತದಿರಲಿ. ಮೂರು: ಅಣೆಕಟ್ಟು, ಸುರಂಗ, ತಂತಿಮಾರ್ಗಗಳಿಗೆ ‘ನಗರದ ಬೇಡಿಕೆ’ಯೆಂಬ ಕಾರಣ ಕೊಡುವಾಗ, ಆ ಬೇಡಿಕೆಯಲ್ಲಿ ಗಾಜಿನ ಗೋಡೆಗಳ ಪಾಲೆಷ್ಟೆಂಬುದನ್ನು ಮೊದಲು ಲೆಕ್ಕ ಹಾಕಿ ಜನರ ಮುಂದಿಡಲಿ.

ಈ ಮಾತುಗಳಿಗೆ ನೈತಿಕ ಬಲ ಬರಬೇಕಾದರೆ ಮಲೆನಾಡೂ ತನ್ನ ಸೂರನ್ನು ನೋಡಿಕೊಳ್ಳಬೇಕು. ಇಲ್ಲಿನ ಪೇಟೆಗಳಲ್ಲಿಯೂ ಹಂಚು ಇಳಿದು ಗಾಜು ಏರುತ್ತಿದೆ. ಮೂರು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಊರುಗಳಿಗೂ ಏಪ್ರಿಲಿನಲ್ಲಿ ಟ್ಯಾಂಕರು ಬರುತ್ತದೆ. ವಿದ್ಯಾರ್ಥಿಗಳು ಒಂದು ಲೆಕ್ಕವನ್ನು ಮಾಡಿ ನೋಡಬಹುದು. ಅಷ್ಟು ಮಳೆ ಬೀಳುವಲ್ಲಿ ೨೦೦ ಚದರ ಮೀಟರಿನ ಶಾಲೆಯ ಮಾಡಿನಿಂದ ವರ್ಷಕ್ಕೆ ೪.೮ ಲಕ್ಷ ಲೀಟರ್ ನೀರನ್ನು ಹಿಡಿಯಬಹುದು. ಇನ್ನೂರು ಮಕ್ಕಳಿಗೆ ಕುಡಿಯಲು, ಬಿಸಿಯೂಟಕ್ಕೆ, ಕೈ ತೊಳೆಯಲು ತಲಾ ಹತ್ತು ಲೀಟರಿನಂತೆ ೨೨೦ ದಿನಗಳಿಗೆ ಬೇಕಾದದ್ದು ೪.೪ ಲಕ್ಷ ಲೀಟರ್. ಮಳೆಗಾಲದ ನೀರನ್ನು ಬೇಸಿಗೆಯವರೆಗೆ ಕಾಯ್ದಿಡುವ ತೊಟ್ಟಿಯೊಂದಿದ್ದರೆ ಆ ಶಾಲೆ ಯಾರ ನದಿಗೂ ಕೈಯೊಡ್ಡಬೇಕಾಗಿಲ್ಲ.

ಬೆಂಗಳೂರಿನ ಬಹುಮಹಡಿ ಕಚೇರಿಗೆ ಆ ಭಾಗ್ಯವಿಲ್ಲ. ಅದು ಎಂದೆಂದಿಗೂ ಬೇರೆಯವರ ಬೆಟ್ಟದ ಸೊಪ್ಪಿನಿಂದಲೇ ಬದುಕಬೇಕಾದ ತೋಟ. ಬೆಟ್ಟದ ಸೊಪ್ಪನ್ನು ಉಣ್ಣುವ ತೋಟಿಗನು ಬೆಟ್ಟವನ್ನು ಕಾಯುತ್ತಾನೆ; ಕೊಂಬೆಯ ತುದಿಯನ್ನು ಸವರುತ್ತಾನೆಯೇ ಹೊರತು ಬುಡಕ್ಕೆ ಕತ್ತಿ ಹಾಕುವುದಿಲ್ಲ. ಬೆಂಗಳೂರಿನ ಕಚೇರಿಗಳಿಂದ ಮಲೆನಾಡು ನಿರೀಕ್ಷಿಸುವುದೂ ಅಷ್ಟನ್ನೇ. ಆ ಕಚೇರಿಗಳಲ್ಲಿ ಕುಳಿತಿರುವ ಮಲೆನಾಡಿನ ಮಕ್ಕಳು ಹಬ್ಬಕ್ಕೆ ಊರಿಗೆ ಬಂದಾಗ ಈ ಲೆಕ್ಕವನ್ನು ಅವರ ಕೈಗೆ ಕೊಟ್ಟು ಕಳುಹಿಸುವುದು ಊರಿನ ಹಿರಿಯರ ಕೆಲಸ.